ದಂಡ ಯಾರಿಗೆ?

ವಿಡಿಯೋ ಗೇಮ್ ಆಡುತ್ತಾ ಆನ್‌ಲೈನ್‌ನಲ್ಲಿ ಲೈವ್ ಕಾರ್ಯಕ್ರಮ ನಡೆಸುವ ಹುಡುಗಿಯರು ಚೆಲ್ಲಾಟ ಆಡಿ, ಅಂದ ತೋರಿಸಿ ನೋಡುಗರನ್ನು ಸೆಳೆಯುತ್ತಾರೆ ಎಂದು ಒಂದು ಲೇಖನದಲ್ಲಿ ಅದರ ಲೇಖಕರು ದೂರಿದ್ದಾರೆ. ಅಂಥವರೂ ಇದ್ದಾರೆ, ಒಪ್ಪುತ್ತೇನೆ. ಆದರೆ ಇದನ್ನು ಶುರು ಮಾಡಿದ್ದು ಅವರಲ್ಲ. ಅಮೆರಿಕದ ಇ3 ಗೇಮ್ ಮೇಳದಲ್ಲಿ ಕಂಪನಿಗಳೇ ಮಾಡೆಲ್‌ಗಳಿಗೆ ತುಂಡು ಬಟ್ಟೆ ತೊಡಿಸಿ ಮಳಿಗೆ ಮುಂದೆ ನಿಲ್ಲಿಸುತ್ತಿದ್ದವು. 2006ರಲ್ಲಿ ಆಯೋಜಕರು ಹಾಗೆ ಮಾಡಿದರೆ 5,000 ಡಾಲರ್ ದಂಡ ಹಾಕುತ್ತೇವೆ ಎಂದು ಹೇಳಬೇಕಾಯಿತು. ದಂಡ ಕಂಪನಿಗೆ, ಹುಡುಗಿಗಲ್ಲ.

ಇಲ್ಲಿ ತುಮಕೂರಿನ ಕ್ಯಾತ್ಸಂದ್ರದಲ್ಲಿ ನಮ್ಮಕ್ಕನ ಮಗಳು ಬಿಜಿಎಂಐ ಎಂಬ ಮೊಬೈಲ್ ಶೂಟಿಂಗ್ ಗೇಮ್ ಆಡುತ್ತಾ ಕನ್ನಡದಲ್ಲೇ ಲೈವ್ ಮಾಡುತ್ತಾಳೆ. ಯಾವ ಗನ್‌ಗೆ ಯಾವ ಸ್ಕೋಪ್ (ಗುರಿ ನೋಡುವ ದುರ್ಬೀನು), ಝೋನ್ (ಆಟದಲ್ಲಿ ಸುರಕ್ಷಿತವಾಗಿರುವ ಜಾಗ) ಚಿಕ್ಕದಾದಾಗ ಎಲ್ಲಿ ನಿಲ್ಲಬೇಕು, ಎಲ್ಲ ಬಿಡಿಸಿ ಹೇಳುತ್ತಾಳೆ. ಚಾಟ್‌ನಲ್ಲಿ ಬರುವುದೇನು? 'ಮುಖ ತೋರ್ಸು', 'ಒಂದ್ಸಲ ನಗು'. ಕ್ಯಾಮೆರಾ ಆಫ್ ಮಾಡಿದರೆ ನೋಡುವವರು ಅರ್ಧಕ್ಕರ್ಧ ಖಾಲಿ. ಆನ್ ಮಾಡಿ ಸ್ವಲ್ಪ ನಕ್ಕರೆ, 'ಆಟ ಬರಲ್ಲ, ಬರೀ ಶೋಕಿ' ಅಂತಾರೆ. ಅವಳು ಏನು ಮಾಡಬೇಕು ಹೇಳಿ? ಹುಡುಗರು ಕಿರುಚಾಡಿ, ಕೆಟ್ಟ ಮಾತಾಡಿ ವ್ಯೂಸ್ ಜಾಸ್ತಿ ಮಾಡಿಕೊಂಡರೆ ಯಾರೂ ಲೇಖನ ಬರೆಯಲ್ಲ, ಅಲ್ವಾ? ಮುಂದಿನ ಸಲ ಆ ಚಾಟ್ ಬಗ್ಗೆ ಬರೆಯಿರಿ ಸರ್.