ಅಕ್ಕನ ಮಗಳನ್ನು ತಂದುಕೊಳ್ಳುವ ಪದ್ಧತಿ ನಿಲ್ಲಬೇಕೇ?

ಪರ: ನಿಲ್ಲಲೇಬೇಕು

ದೀಪಾವಳಿಯ ರಾತ್ರಿ ಅಂಗಳದಲ್ಲಿ ಪಟಾಕಿ ಸರ ಸಿಡಿಯಿತು. ಚಿಕ್ಕಮ್ಮನ ಮೊಮ್ಮಗು ತೊಟ್ಟಿಲಲ್ಲಿ ಕದಲಲೇ ಇಲ್ಲ. "ಗಟ್ಟಿ ಗುಂಡಿಗೆ" ಎಂದು ಎಲ್ಲರೂ ಹೊಗಳಿದರು. ಮಗುವಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾಗಲು ಇನ್ನೂ ಒಂದೂವರೆ ವರ್ಷ ಹಿಡಿಯಿತು. ಎರಡನೆಯ ಮಗುವೂ ಹಾಗೆಯೇ ಹುಟ್ಟಿತು. ತಮಿಳುನಾಡು ಗಡಿಯ ಡೆಂಕಣಿಕೋಟೆ ಕಡೆಯ ನಮ್ಮ ಊರಲ್ಲಿ ಹರಕೆ, ತಾಯತ ಎಲ್ಲ ಆಯಿತು. ಬೈಗುಳ ಮಾತ್ರ ತಾಯಿಯ ಪಾಲಿಗೇ ಬಂತು. ಚಿಕ್ಕಮ್ಮ ಅವಳನ್ನು ಕೊಟ್ಟದ್ದು ತನ್ನ ಸ್ವಂತ ತಮ್ಮನಿಗೆ.

ಬೆಂಗಳೂರಿನ ಡಾಕ್ಟರು ಚೀಟಿಯ ಮೇಲೆ ಗೆರೆ ಎಳೆದು ತೋರಿಸಿದರು. ಪ್ರತಿ ಜೀನ್ (ವಂಶವಾಹಿ) ನಮ್ಮಲ್ಲಿ ಎರಡೆರಡು ಇರುತ್ತವೆ, ಒಂದು ಅಪ್ಪನದು, ಒಂದು ಅಮ್ಮನದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಅಂಥ ಕೆಟ್ಟ ಪ್ರತಿಗಳು ಎಲ್ಲರಲ್ಲೂ ಕೆಲವು ಇರುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ. ತಂದೆ ತಾಯಿಯಿಂದ ಮಾವನಿಗೆ ಅಂಥದ್ದೊಂದು ಬಂದಿದ್ದರೆ, ಅಕ್ಕನ ಮಗಳಲ್ಲೂ ಅದೇ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರತ್ತೆಯ ಮಗಳಾದರೆ ಎಂಟರಲ್ಲಿ ಒಂದು. ಹೊರಗಿನ ಹುಡುಗಿಯಾದರೆ ತೀರಾ ಕಡಿಮೆ. ಇಬ್ಬರಲ್ಲೂ ಇದ್ದರೆ, ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಬಂದು ರೋಗವಾಗುವ ಅಪಾಯ ಪ್ರತಿ ಬಸಿರಿಗೂ ನೂರಕ್ಕೆ 25ರಷ್ಟು. "ಒಂದು ಮಗು ಹೀಗಾಯಿತು, ಇನ್ನು ಮೂರು ಚೆನ್ನಾಗಿರುತ್ತವೆ" ಎಂದು ನಮ್ಮವರು ಲೆಕ್ಕ ಹಾಕಿದ್ದರು. ಆ ಲೆಕ್ಕ ತಪ್ಪು. ಪ್ರತಿ ಸಲವೂ ಅಷ್ಟೇ ಅಪಾಯ.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಚಿಕ್ಕಂದಿನಿಂದ ಎತ್ತಿ ಆಡಿಸಿದ ಮಾವನನ್ನೇ ಕಟ್ಟಿಕೋ ಎಂದರೆ ಹದಿನೆಂಟು ತುಂಬಿದ ಹುಡುಗಿ ಹೇಗೆ ಬೇಡ ಎನ್ನುತ್ತಾಳೆ? ಅಜ್ಜಿ, ಅಮ್ಮ, ಮಾವ ಎಲ್ಲರೂ ಒಂದೇ ಕಡೆ ಇರುತ್ತಾರೆ ಅಲ್ವಾ? 1955ರ ಹಿಂದೂ ವಿವಾಹ ಕಾಯ್ದೆ ಇದನ್ನು ನಿಷೇಧಿತ ಸಂಬಂಧ ಎಂದೇ ಹೇಳುತ್ತದೆ. ರೂಢಿ ಇದ್ದರೆ ಆಗಬಹುದು ಎಂದು ಒಂದು ಕಿಂಡಿ ಬಿಟ್ಟಿದೆ. ಆ ಕಿಂಡಿ ಮುಚ್ಚಬೇಕು.

ವಿರೋಧ: ನಿಲ್ಲಿಸಿ ಎಂದರೆ ಸಾಲದು

ನಾನು ಸೋದರಮಾವನ ಕೈ ಹಿಡಿದವಳು. ನನ್ನ ಇಬ್ಬರು ಮಕ್ಕಳೂ ಚೆನ್ನಾಗಿದ್ದಾರೆ. ಅದನ್ನೇ ಸಾಕ್ಷಿ ಎಂದು ಹೇಳುವುದಿಲ್ಲ. ಹತ್ತಿರದ ಸಂಬಂಧದಲ್ಲಿ ಅಪಾಯ ಜಾಸ್ತಿ ಎಂಬುದು ನಿಜ.

ಆದರೆ ಮಾವನನ್ನು ಬಿಟ್ಟ ಕೂಡಲೇ ಎಲ್ಲ ಸರಿಹೋಗುತ್ತದೆಯೇ? ಗಡಿಯ ಎರಡೂ ಕಡೆ ಇರುವ ಆರ್ಯವೈಶ್ಯರನ್ನು ನೋಡಿ. ಅವರಲ್ಲಿ ಕೆಲವರಿಗೆ ಆಪರೇಷನ್ ಸಮಯದಲ್ಲಿ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಬೇಗ ಇಳಿಯುವುದಿಲ್ಲ. ಕೆಲವೇ ನಿಮಿಷ ಇರಬೇಕಾದದ್ದು ಗಂಟೆಗಟ್ಟಲೆ ನಿಲ್ಲುತ್ತದೆ, ಉಸಿರಾಟಕ್ಕೆ ಯಂತ್ರ ಹಾಕಬೇಕಾಗುತ್ತದೆ. ಆ ಔಷಧವನ್ನು ಒಡೆಯುವ ಕಿಣ್ವ ಅವರಲ್ಲಿ ಹುಟ್ಟಿನಿಂದಲೇ ಕಡಿಮೆ. ಕೆಲವೇ ಪೂರ್ವಜರಿಂದ ಬೆಳೆದ ಕುಲ, ತಲೆತಲಾಂತರದಿಂದ ಒಳಗೊಳಗೇ ಮದುವೆ. ದೂರದ ಹುಡುಗನನ್ನು ತಂದರೂ ಅವನು ಅದೇ ಜಾತಿಯವನು. ಈ ಮಾತನ್ನು ನಮ್ಮೂರಲ್ಲಿ ಯಾರೂ ಎತ್ತುವುದಿಲ್ಲ.

ಬೀಟಾ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯ ವಾಹಕರು, ಅಂದರೆ ಒಂದು ಕೆಟ್ಟ ಪ್ರತಿ ಇದ್ದರೂ ಚೆನ್ನಾಗಿಯೇ ಇರುವವರು, ನಮ್ಮ ದೇಶದಲ್ಲಿ ನೂರಕ್ಕೆ 3-4 ಮಂದಿ ಇದ್ದಾರೆ. ಪರಿಚಯವೇ ಇಲ್ಲದ ಇಬ್ಬರು ವಾಹಕರು ಮದುವೆಯಾದರೂ ಮಗುವಿಗೆ ಜೀವನವಿಡೀ ರಕ್ತ ಕೊಡಿಸುವ ಪಾಡು ಬರಬಹುದು. ಸೈಪ್ರಸ್‌ನಲ್ಲಿ ಮದುವೆಗೆ ಮುಂಚೆ ಈ ರಕ್ತಪರೀಕ್ಷೆ ಮಾಡಿಸಲೇಬೇಕು. ಮದುವೆ ಬೇಕೋ ಬೇಡವೋ ಎಂಬುದನ್ನು ಜೋಡಿಗೇ ಬಿಡುತ್ತಾರೆ. ಅಲ್ಲಿ ಆ ರೋಗದ ಮಕ್ಕಳು ಹುಟ್ಟುವುದು ಬಹುತೇಕ ನಿಂತಿದೆ. ನಮಗೂ ಅದೇ ಬೇಕು. ಒಂದು ಪರೀಕ್ಷೆ ಎಲ್ಲ ರೋಗವನ್ನೂ ಹಿಡಿಯುವುದಿಲ್ಲ ನಿಜ. ಆದರೆ ಮನೆಯಲ್ಲಿ ಈಗಾಗಲೇ ಕಿವುಡು ಮಗು ಇದ್ದರೆ, ಯಾವ ಜೀನ್ ಎಂದು ಹುಡುಕಿ ಉಳಿದವರನ್ನು ಪರೀಕ್ಷಿಸುವುದು ಎಷ್ಟೋ ಸಲ ಸಾಧ್ಯ.

ನೆಂಟಸ್ತಿಕೆಯಿಂದ ಮಕ್ಕಳೇ ಆಗುವುದಿಲ್ಲ ಎಂದು ಹೆದರಿಸುವುದೂ ಸರಿಯಲ್ಲ. ಐಸ್‌ಲ್ಯಾಂಡಿನ ವಂಶಾವಳಿಗಳನ್ನು ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2008ರಲ್ಲಿ ಬಂತು. ಮುತ್ತಾತನ ತಂದೆಯಷ್ಟು ಹಿಂದೆ ಹೋಗಿ ಒಂದಾಗುವ ದೂರದ ನೆಂಟರ ಜೋಡಿಗಳಿಗೆ ಮಕ್ಕಳು, ಮೊಮ್ಮಕ್ಕಳು ಜಾಸ್ತಿ ಎಂದು ಅದರಲ್ಲಿ ಕಂಡುಬಂತು. ಇದು ಸೋದರಮಾವನಿಗೆ ಅನ್ವಯಿಸುವುದಿಲ್ಲ. ಆದರೆ ಎಲ್ಲ ನೆಂಟಸ್ತಿಕೆಯನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು.

ನಿಷೇಧ ಮಾಡಿದರೆ ಏನಾಗುತ್ತದೆ? ಈಗಾಗಲೇ ಮದುವೆಯಾದ ನಮ್ಮಂಥವರು ಡಾಕ್ಟರ ಮುಂದೆ ಸಂಬಂಧ ಮುಚ್ಚಿಡುತ್ತೇವೆ. "ಗಂಡ ಏನಾಗಬೇಕು?" ಎಂದು ಕೇಳಿದಾಗ ಬಸುರಿಯೊಬ್ಬಳು ಸುಮ್ನೆ "ಹೊರಗಿನವರು" ಎಂದದ್ದನ್ನು ನಾನೇ ಕೇಳಿದ್ದೇನೆ. ನಾಚಿಕೆಗೆ ಹೇಳಿದ ಆ ಒಂದು ಸುಳ್ಳಿನಿಂದ ಮಗುವಿಗೆ ಆಗಬೇಕಾದ ಪರೀಕ್ಷೆ ತಪ್ಪುತ್ತದೆ.

ಕಳೆದ ವರ್ಷ ನನ್ನ ತಮ್ಮ ನನ್ನ ಮಗಳನ್ನು ಕೇಳಿದ. ಎರಡು ತಲೆಮಾರು ಬೆನ್ನುಬೆನ್ನಿಗೆ ಹೀಗಾದರೆ ಅಪಾಯ ಇನ್ನೂ ಏರುತ್ತದೆ ಎಂದು ನನಗೆ ಗೊತ್ತಿತ್ತು. ಮಗಳಿಗೂ ಇಷ್ಟವಿರಲಿಲ್ಲ. ಬೇಡ ಎಂದೆ, ಯಾಕೆ ಎಂದೂ ಕೂರಿಸಿಕೊಂಡು ಹೇಳಿದೆ. ಮುನಿಸಿಕೊಂಡು ಹೋದ. ರಾಗಿ ಕೊಯ್ಲಿಗೆ ತಾನಾಗಿಯೇ ಕುಡುಗೋಲು ಹಿಡಿದು ಬಂದ.