ಕೂಲಿ ಅಂತ ಫೋನಲ್ಲಿ ಅಂದಿದ್ದಕ್ಕೆ

ಕೇಪ್ ಟೌನ್‌ಗೆ ಬಂದ ಮೊದಲನೇ ವಾರ. ಆಫೀಸಲ್ಲಿ ಊಟಕ್ಕೆ ಕೂತಾಗ ಪಕ್ಕದ ಟೀಮಿನವನೊಬ್ಬ ಮಾತಾಡ್ತಾ ಮಾತಾಡ್ತಾ ‘ನಾವು ಕಲರ್ಡ್ ಜನ, ನಮ್ಮನೇಲಿ ಭಾನುವಾರ ಅಂದ್ರೆ ಹಿಂಗೇ’ ಅಂದ. ನಂಗೆ ತುತ್ತು ಗಂಟಲಲ್ಲೇ ನಿಂತಂಗಾಯ್ತು. ಯಾಕಂದ್ರೆ ಅದಕ್ಕೆ ಮುಂಚೆ ಮೂರು ವರ್ಷ ಅಮೆರಿಕದ ನ್ಯೂಜೆರ್ಸೀಲಿದ್ದೆ, ಅಲ್ಲಿ ಸೇರಿದ ತಿಂಗಳೇ ಕೂರಿಸಿ ಯಾವ್ಯಾವ ಪದ ಬಾಯಿಂದ ಬರಬಾರ್ದು ಅಂತ ಟ್ರೇನಿಂಗ್ ಕೊಟ್ಟಿದ್ರು, ಕರಿಯರನ್ನ ಬೇರೆ ಕೂರಿಸ್ತಿದ್ದ ಕಾಲದ ‘ಕಲರ್ಡ್’ ಅನ್ನೋ ಪದ ಆ ಲಿಸ್ಟಲ್ಲಿ ಮೇಲೇ ಇತ್ತು. ತಮಾಷೆ ಏನಂದ್ರೆ ‘ಪೀಪಲ್ ಆಫ್ ಕಲರ್’ ಅಂದ್ರೆ ಓಕೆ, ‘ಕಲರ್ಡ್ ಪೀಪಲ್’ ಅಂದ್ರೆ ಕೆಲಸ ಹೋಗತ್ತೆ. ಅಲ್ಲಿನ ಕರಿಯರ ಹಕ್ಕಿಗೆ ಹೋರಾಡಿದ ದೊಡ್ಡ ಸಂಸ್ಥೆ ಎನ್‌ಎಎಸಿಪಿ, 1909ರಲ್ಲಿ ಹುಟ್ಟಿದ್ದು, ಅದರ ಹೆಸರೊಳಗೆ ಇವತ್ತಿಗೂ ‘ಕಲರ್ಡ್ ಪೀಪಲ್’ ಕೂತಿದೆ, ಅದನ್ನ ಯಾರೂ ತೆಗೆದಿಲ್ಲ. ಇಂಗ್ಲೆಂಡಲ್ಲಂತೂ 2020ರಲ್ಲಿ ಅಲ್ಲಿನ ಫುಟ್‌ಬಾಲ್ ಅಸೋಸಿಯೇಷನ್ ಅಧ್ಯಕ್ಷರು ಆಟಗಾರರ ಬಗ್ಗೆ ಹೇಳುವಾಗ ಈ ಪದ ಅಂದುಬಿಟ್ರು, ಅವತ್ತೇ ರಾಜೀನಾಮೆ.

ಇಲ್ಲಿ ನೋಡಿದ್ರೆ ಅದು ಜನಗಣತಿ ಫಾರಂನಲ್ಲಿರೋ ಕಾಲಂ, ಬಿಳಿಯರು, ಗುಲಾಮರು, ಇಲ್ಲಿನ ಮೂಲ ಜನ ಎಲ್ಲಾ ಬೆರೆತು ಆದ ಸಮುದಾಯದ ಹೆಸರು. 2022ರ ಗಣತಿ ಪ್ರಕಾರ ದಕ್ಷಿಣ ಆಫ್ರಿಕಾದಲ್ಲಿ ನೂರಕ್ಕೆ ಎಂಟು ಜನ ಕಲರ್ಡ್, ನಾನಿರೋ ವೆಸ್ಟರ್ನ್ ಕೇಪ್‌ನಲ್ಲಿ ನೂರಕ್ಕೆ ನಲವತ್ತಕ್ಕೂ ಮೇಲೆ. ನಂಗೆ ಊಟ ನಿಲ್ಲಿಸಿದ ಆ ಗೆಳೆಯನ ಸರ್‌ನೇಮ್ ಒಂದು ಇಂಗ್ಲಿಷ್ ತಿಂಗಳ ಹೆಸರು. ನಾನು ದಡ್ಡನ ತರ ‘ಆ ತಿಂಗಳಲ್ಲಿ ಹುಟ್ಟಿದ್ದಾ?’ ಅಂತ ಕೇಳಿದ್ದೆ. ಅವನು ನಕ್ಕು ‘ಅಲ್ಲ, ಆ ತಿಂಗಳಲ್ಲಿ ಯಾರನ್ನೋ ತಂದಿದ್ರು’ ಅಂದ. ಡಚ್ಚರ ಕಾಲದಲ್ಲಿ ಗುಲಾಮರನ್ನ ಹಡಗಲ್ಲಿ ತರ್ತಿದ್ರಲ್ಲ, ಕೆಲವರಿಗೆ ತಿಂಗಳ ಹೆಸರೇ ಇಟ್ಟುಬಿಡ್ತಿದ್ರು, ಅದೇ ಉಳ್ಕೊಂಡಿದೆ. ಹಾಗೆ ಬಂದವರಲ್ಲಿ ಬಂಗಾಳ, ಮಲಬಾರು, ಕೋರಮಂಡಲ ಕಡೆಯವರೂ ಇದ್ರು ಅಂತ ಗೊತ್ತಾದಾಗ ಅವನ ಮುಖ ಇನ್ನೊಂದ್ಸಲ ನೋಡ್ದೆ, ಸುಳ್ಳು ಯಾಕೆ ಹೇಳ್ಲಿ.

ಆದ್ರೆ ಪದ ಒಳ್ಳೇದು ಅಂತಲ್ಲ. 1950ರಲ್ಲಿ ಬಿಳಿಯರ ಸರ್ಕಾರ ಒಂದು ಕಾಯ್ದೆ ತಂದು ಪ್ರತಿಯೊಬ್ಬರಿಗೂ ಜನಾಂಗದ ಚೀಟಿ ಅಂಟಿಸ್ತು. ಯಾವ ಗುಂಪು ಅಂತ ಡೌಟ್ ಬಂದ್ರೆ ಕೂದಲಿಗೆ ಪೆನ್ಸಿಲ್ ಸಿಗಿಸಿ ನೋಡೋರು, ಬಿದ್ರೆ ಬಿಳಿಯ, ನಿಂತ್ರೆ ಅಲ್ಲ. ಒಂದೇ ಮನೆ ಅಣ್ಣತಮ್ಮಂದಿರು ಬೇರೆ ಬೇರೆ ಜನಾಂಗ ಆಗಿಹೋದ್ರು. 1966ರಲ್ಲಿ ಕೇಪ್ ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಅನ್ನೋ ಇಡೀ ಕೇರಿನ ಬಿಳಿಯರಿಗೆ ಮಾತ್ರ ಅಂತ ಸಾರಿ, ಆಮೇಲೆ 60 ಸಾವಿರಕ್ಕೂ ಜಾಸ್ತಿ ಜನರನ್ನ ಎಬ್ಬಿಸಿ ಊರಾಚೆಗೆ ಹಾಕಿದ್ರು. ಕಾಯ್ದೆ 1991ರಲ್ಲಿ ಹೋಯ್ತು, ಪದ ಹೋಗ್ಲಿಲ್ಲ. ಅಷ್ಟರಲ್ಲಿ ಆ ಪದದ ಒಳಗೆ ಅಡುಗೆ ಬೆಳೆದಿತ್ತು, ಡಚ್ಚಿಂದ ಹುಟ್ಟಿದ ಆಫ್ರಿಕಾನ್ಸ್ ಭಾಷೆ ಅವರದ್ದೇ ಧಾಟೀಲಿ ಬೆಳೆದಿತ್ತು, ಹಾಡು ಜಗಳ ಮದುವೆ ಎಲ್ಲಾ. ಈಗ್ಲೂ ಕೆಲವರು ‘ಕಲರ್ಡ್ ಅಂತ ಕರೀತಾರಲ್ಲ, ಆ ನಾವು’ ಅಂತ ಒಂಥರಾ ದೂರ ಇಟ್ಟೇ ಹೇಳ್ತಾರೆ, ಕೆಲವರು ಬೇಡವೇ ಬೇಡ ನಾವು ಖೋಯ್‌ಸಾನ್, ಇಲ್ಲಿನ ಮೂಲ ಜನ ಅಂತಾರೆ, ನನ್ನ ಗೆಳೆಯ ಮಾತ್ರ ಅದೇ ಪದನ ಎದೆ ತಟ್ಟಿ ಹೇಳ್ತಾನೆ. ಅದು ಅವನಿಷ್ಟ. ಜೋಹಾನ್ಸ್‌ಬರ್ಗಿನ ಗಾಯಕಿ ಟೈಲಾ ತನ್ನನ್ನ ಕಲರ್ಡ್ ಅಂದ್ಕೊಂಡಿದ್ದಕ್ಕೆ ಅಮೆರಿಕದವರು ಆನ್‌ಲೈನಲ್ಲಿ ಅವಳ ಮೇಲೆ ಬಿದ್ರಲ್ಲ, ಕೊನೆಗೆ ಅವಳು 2024ರಲ್ಲಿ, ಜನಾಂಗ ಅನ್ನೋದನ್ನ ಒಂದೊಂದು ಕಡೆ ಒಂದೊಂದು ತರ ವಿಂಗಡಿಸ್ತಾರೆ, ನಮ್ಮಲ್ಲಿ ನಾನು ಕಲರ್ಡ್ ಹೆಂಗಸು, ಕರಿಯ ಹೆಂಗಸೂ ಹೌದು ಅನ್ನೋ ಅರ್ಥದಲ್ಲಿ ಬರೆದು ಮುಗಿಸಿದ್ಳು. ನಂಗೆ ಸರಿ ಅನ್ನಿಸ್ತು. ಅಮೆರಿಕದವರಿಗೆ ಒಂದು ಕಾಯಿಲೆ, ತಮ್ಮ ಮನೆ ಗಾಯಕ್ಕೆ ಕಟ್ಟಿದ ಬ್ಯಾಂಡೇಜನ್ನ ಊರವರೆಲ್ಲಾ ಕಟ್ಕೋಬೇಕು.

ಹಂಗಂತ ಇಲ್ಲಿ ಏನು ಬೇಕಾದ್ರೂ ಅನ್ಬಹುದು ಅಂತಲ್ಲ. ಇಲ್ಲಿ ‘ಕೆ’ ಪದ ಅಂತ ಒಂದಿದೆ, ಪೂರ್ತಿ ಯಾರೂ ಹೇಳಲ್ಲ, ನಾನೂ ಬರೆಯಲ್ಲ. ಮೂಲ ಅರಬ್ಬಿ, ನಂಬಿಕೆ ಇಲ್ಲದವನು ಅಂತ ಅರ್ಥ ಅಷ್ಟೇ. ಆದ್ರೆ ಬಿಳಿಯರ ಬಾಯಲ್ಲಿ ಅದು ಕರಿಯರಿಗೆ ಎಸೆಯೋ ಕಲ್ಲಾಯ್ತು. 2018ರಲ್ಲಿ ಒಬ್ಬ ಬಿಳಿ ಹೆಂಗಸು ಪೊಲೀಸರಿಗೆ 48 ಸಲ ಆ ಪದ ಅಂದಿದ್ದಕ್ಕೆ 3 ವರ್ಷ ಶಿಕ್ಷೆ ಆಯ್ತು, ಅದರಲ್ಲಿ 1 ವರ್ಷ ಅಮಾನತು. ಗಾಂಧೀಜಿನೂ ತಮ್ಮ ಇಲ್ಲಿನ ಶುರುವಿನ ದಿನಗಳ ಬರವಣಿಗೇಲಿ ಅದನ್ನ ಬಳಸಿದ್ರು, ನಮ್ಮವರಿಗೆ ಇದನ್ನ ಹೇಳಿದ್ರೆ ಜಗಳಕ್ಕೇ ಬರ್ತಾರೆ.

ಈಗ ನನ್ನ ಕಥೆಗೆ ಬರ್ತೀನಿ. ಊರು ಯಲ್ಲಾಪುರದ ಹತ್ರ, ಅಡಿಕೆ ತೋಟ ಇದೆ. ಒಂದಿನ ಅಡಿಕೆ ಕೊಯ್ಲು ಟೈಮಲ್ಲಿ ಅಮ್ಮ ಫೋನ್ ಮಾಡಿದ್ರು, ನಾನು ಆಫೀಸಲ್ಲೇ ನಿಂತು ಮಾತಾಡ್ತಿದ್ದೆ, ‘ಕೂಲಿ ಎಷ್ಟು ಕೇಳ್ತಾರಂತೆ, ಕೂಲಿಗೆ ಬರೋರು ಸಿಕ್ರಾ’ ಅಂತೆಲ್ಲಾ. ನಮ್ಮ ಟೀಮಲ್ಲಿ ಡರ್ಬನ್ ಮೂಲದ ಒಬ್ಬರು ಹಿರಿಯರಿದ್ದಾರೆ, ತಮಿಳರ ವಂಶ, ಆದ್ರೆ ತಮಿಳು ಬರಲ್ಲ. ಫೋನಿಟ್ಟು ತಿರುಗಿದ್ರೆ ಅವರ ಮುಖ ಬೇರೆ ಆಗಿತ್ತು. ‘ಯಾರನ್ನ ಹಂಗಂದಿದ್ದು ನೀನು?’

ಕಕ್ಕಾಬಿಕ್ಕಿ. ದಿನದ ದುಡಿಮೆಗೆ ಕೊಡೋ ದುಡ್ಡಿಗೆ ನಮ್ಮಲ್ಲಿ ಹಂಗಂತಾರೆ ಸಾರ್, ಬೈಗುಳ ಅಲ್ಲ ಅಂತ ಏನೇನೋ ಹೇಳ್ದೆ. ಕೇಳಿಸ್ಕೊಂಡ್ರು. ಆಮೇಲೆ ನಿಧಾನಕ್ಕೆ ಹೇಳಿದ್ರು. 1860ರ ನವೆಂಬರಲ್ಲಿ ಮದ್ರಾಸಿಂದ ಟ್ರೂರೋ ಅನ್ನೋ ಹಡಗು ಡರ್ಬನ್‌ಗೆ ಮೊದಲ ಗುಂಪು ತಂತು, 1911ರ ತನಕ ಒಂದೂವರೆ ಲಕ್ಷ ಜನ ಕಬ್ಬಿನ ಗದ್ದೆಗೆ ಕರಾರಿನ ಮೇಲೆ ಬಂದ್ರು, ಅವರ ಮುತ್ತಜ್ಜನೂ ಹಂಗೇ ಬಂದಿದ್ದು. ಆಮೇಲೆ ಡಾಕ್ಟ್ರಾಗ್ಲಿ ವ್ಯಾಪಾರಿಯಾಗ್ಲಿ ಎಲ್ಲಾ ಇಂಡಿಯನ್ನರಿಗೂ ಅದೇ ಒಂದು ಹೆಸರು. ವಕೀಲರಾಗಿ ಬಂದ ಗಾಂಧೀಜಿ ‘ಕೂಲಿ ಬ್ಯಾರಿಸ್ಟರ್’. ತಮಿಳರ ಹೆಸರಿನ ಕೊನೆಯ ಸ್ವಾಮಿ ಕೂಡ ‘ಸಾಮಿ’ ಅನ್ನೋ ಬೈಗುಳ ಆಯ್ತು. ನಮ್ಮೂರಲ್ಲಿ ಸ್ವಾಮಿ ಅಂದ್ರೆ ಕಾಲಿಗೆ ಬೀಳ್ತಾರೆ! ‘ಸ್ಕೂಲಿಗೆ ಹೋಗೋ ದಾರೀಲಿ ಬಿಳಿ ಹುಡುಗ್ರು ಕೂಗಿದ್ದು ಅದೊಂದೇ ಪದ, ನಿನ್ನ ಫೋನಲ್ಲಿ ಅದೇ ಕೇಳಿಸ್ತು’ ಅಂದ್ರು. ನನ್ನ ಕೈಲಿದ್ದ ಕನ್ನಡ ನಿಘಂಟು ಅವರಿಗೇನು ಉಪಯೋಗ ಹೇಳಿ.

ಇದನ್ನೆಲ್ಲಾ ಊರಿನ ಗೆಳೆಯರ ಗ್ರೂಪಲ್ಲಿ ಹೇಳಿದ್ರೆ ಒಂದೇ ಉತ್ತರ, ‘ನಮ್ಮಲ್ಲಿ ಹಂಗಿಲ್ಲ ಮಾರಾಯಾ, ನಾವು ಕರಿಯಾ ಅನ್ನೋದು ಪ್ರೀತಿಗೆ’. ಪ್ರೀತಿಗೂ ಅಂತಾರೆ, ಒಪ್ತೀನಿ. ಕರಿಯಮ್ಮ ದೇವರೇ ಇದ್ದಾಳೆ, ಕೆಂಚ ಕರಿಯ ಎರಡೂ ಮನೆಮನೆ ಹೆಸರು. ಆದ್ರೆ ವೆಸ್ಟ್ ಇಂಡೀಸ್‌ನ ಡ್ಯಾರೆನ್ ಸ್ಯಾಮಿ 2020ರಲ್ಲಿ ಹೇಳಿದ್ದು ನೆನಪಿದ್ಯಾ? ಐಪಿಎಲ್ ಆಡುವಾಗ ತನ್ನನ್ನ ‘ಕಾಲೂ’ ಅಂತಿದ್ರು (ಹಿಂದೀಲಿ ಕರಿಯಾ ಅಂತ), ತಾನು ಅದು ಗಟ್ಟಿಮುಟ್ಟಾದ ಕುದುರೆ ಅಂತ ಅಂದ್ಕೊಂಡು ಖುಷಿಯಾಗಿದ್ದೆ, ವರ್ಷಗಳಾದ್ಮೇಲೆ ಅರ್ಥ ಗೊತ್ತಾಯ್ತು ಅಂತ. ಅಲ್ಲೂ ಬಂದ ಸಮಜಾಯಿಷಿ ಪ್ರೀತಿನೇ. ಅದೇ ನಮ್ಮನ್ನ ಮುಂಬೈಲಿ ಯಾರಾದ್ರೂ ಮದ್ರಾಸಿ ಅಂದ್ರೆ ಉರಿಯತ್ತೆ, ಆಗ ಪ್ರೀತಿ ಲೆಕ್ಕ ಹಾಕಲ್ಲ ನಾವು.

ಇನ್ನೊಂದು ಹೇಳ್ಲೇಬೇಕು, ಹೇಳೋಕೆ ಮುಜುಗರ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದ ಗುಲಾಮರು ತಪ್ಪಿಸ್ಕೊಂಡು ಘಟ್ಟದ ಕಾಡಿಗೆ ಬಂದು ನೆಲೆಸಿದ್ರು, ಅವರ ವಂಶ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ರು, 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೂ ಹೋದ್ರು. ಹೈಸ್ಕೂಲಲ್ಲಿ ನನ್ನ ಬೆಂಚಲ್ಲೇ ಒಬ್ಬ ಸಿದ್ದಿ ಹುಡುಗ ಇದ್ದ, ನನಗಿಂತ ಚೆನ್ನಾಗಿ ಕನ್ನಡ ಓದ್ತಿದ್ದ, ಮನೇಲಿ ಕೊಂಕಣಿ. ಅವನ ಹೆಸರು ಯಾರೂ ಕರೀತಿರ್ಲಿಲ್ಲ, ಕ್ಲಾಸಿಗೆಲ್ಲಾ ಅವನು ‘ಆಫ್ರಿಕಾ’. ಮೇಷ್ಟ್ರೂ ಕರೆದಿದ್ದುಂಟು. ಅವನು ನಗ್ತಿದ್ದ, ನಾವು ಅದನ್ನ ಒಪ್ಪಿಗೆ ಅಂದ್ಕೊಂಡ್ವಿ. ಹೋದ ವರ್ಷ ಚೌತಿಗೆ ಊರಿಗೆ ಹೋದಾಗ ಬಸ್‌ಸ್ಟ್ಯಾಂಡ್ ಹತ್ರ ಸಿಕ್ಕಿದ, ಚಾ ಕುಡಿದ್ವಿ. ಎಲ್ಲಿದ್ದೀಯಾ ಅಂತ ಕೇಳಿದ, ದಕ್ಷಿಣ ಆಫ್ರಿಕಾ ಅಂದೆ. ಒಂದು ನಿಮಿಷ ನನ್ನೇ ನೋಡಿ, ‘ಹಂಗಾದ್ರೆ ಈಗ ನೀನೇ ಆಫ್ರಿಕಾ’ ಅಂದ. ಅವತ್ತು ಅವನು ನಗ್ಲಿಲ್ಲ. ನಾನು ಕ್ಷಮೆ ಕೇಳ್ಬೇಕಿತ್ತು, ಚಾ ದುಡ್ಡು ಕೊಟ್ಟು ಬಂದೆ.

ಡರ್ಬನ್ನಿನ ಹಿರಿಯರು ಆ ವಿಷಯ ಮತ್ತೆ ಎತ್ತಿಲ್ಲ. ನಾನೇ ಈಗ ಆಫೀಸಲ್ಲಿದ್ದಾಗ ಅಮ್ಮನ ಹತ್ರ ‘ಪಗಾರ ಎಷ್ಟು ಕೇಳ್ತಾರೆ’ ಅಂತೀನಿ. ಅಮ್ಮಂಗೆ ನಗು, ‘ಅಡಿಕೆ ಕೊಯ್ಯೋಕೆ ಎಂಥಾ ಪಗಾರವೋ, ಕೂಲಿ ಅನ್ನೋಕೆ ನಿಂಗೆ ಬಾಯಿ ನೋಯ್ತದಾ?’ ಇಲ್ಲಮ್ಮ, ಮನೆಗೆ ಹೋಗಿ ಫೋನ್ ಮಾಡ್ತೀನಿ ಅಂತ ಇಟ್ಟೆ.