ಇಷ್ಟು ಹೊಳಪು ಆಗ ಎಲ್ಲಿತ್ತು?

1969ರ ಶೆವರ್ಲೆ ಕಮಾರೊ ಝಡ್/28 ಕಾರಿಗೆ ಕನ್ನಡಿಯಂಥ ಹೊಳಪು ಕೊಡಿಸಿ ‘ಫ್ಯಾಕ್ಟರಿಯಿಂದ ಬಂದ ಹಾಗೇ ಇದೆ’ ಅಂತ ಬರೆದಿದ್ದೀರಿ. ಒಪ್ಪೋದು ಕಷ್ಟ ಸಾರ್. ಆಗ ಶೆವರ್ಲೆ ಮಾಡೋ ಜನರಲ್ ಮೋಟಾರ್ಸ್‌ನವರು ಹೊಡೀತಿದ್ದದ್ದು ಅಕ್ರಿಲಿಕ್ ಲ್ಯಾಕರ್ ಅನ್ನೋ ಬಣ್ಣ. ಈಗ ಬಣ್ಣದ ಮೇಲೆ ಹೊಡೆಯೋ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಇರಲೇ ಇಲ್ಲ. ಬಾಗಿಲ ಸಂದುಗಳೂ ಒಂದೇ ಸಮ ಇರ್ತಿರಲಿಲ್ಲ. ತಪಾಸಣೆಯವರು ಕ್ರೇಯಾನ್‌ನಲ್ಲಿ ಗೀಚಿದ ಗುರುತು ಅಲ್ಲಲ್ಲೇ ಉಳಿದಿರ್ತಿತ್ತು. ಹಟ ಹಿಡಿದು ರೆಸ್ಟೋರ್ ಮಾಡೋರು ಆ ಗೀಚನ್ನೂ ಮತ್ತೆ ಬರೀತಾರೆ, ಹುಚ್ಚು ಅನ್ನಿ ಬೇಕಾದ್ರೆ!

ಬಣ್ಣ ಹಾಳಾಗಿ ಹೋಗ್ಲಿ, ಎಂಜಿನ್ ಯಾವುದು? ಝಡ್/28 ಅಂದ್ರೆ 302 ಘನ ಇಂಚಿನ ವಿ8, ಅಂದ್ರೆ ಎಂಟು ಸಿಲಿಂಡರಿನ ಎಂಜಿನ್. ಎಂಜಿನ್ ಬ್ಲಾಕ್ ಮೇಲೆ ಒತ್ತಿರೋ ನಂಬರ್ ಕಾರಿನ ವಿಐಎನ್ (ಪ್ರತಿ ಕಾರಿಗೂ ಇರೋ ಗುರುತಿನ ಸಂಖ್ಯೆ) ಜೊತೆ ತಾಳೆ ಆಗ್ಬೇಕು. ಮಾಮೂಲಿ 350 ಘನ ಇಂಚಿನ ಎಂಜಿನ್ ಕೂರಿಸಿ ಝಡ್/28 ಬ್ಯಾಡ್ಜ್ ಅಂಟಿಸಿದ್ರೆ ಅದು ವೇಷ ಅಷ್ಟೇ. ಆ ನಂಬರಿನ ಫೋಟೊ ಇದ್ರೆ ಹಾಕ್ತೀರಾ?